ಓದೆಯೋಂ ಬೀದಿಯ ಎರಡು ಪುಸ್ತಕದಂಗಡಿಗಳು

ಪ್ಯಾರಿಸ್ ನಗರದ ನಡುವೆ ಹರಿಯುವ ಸೇನ್ ನದಿಯ ಎಡದಂಡೆಯಲ್ಲಿ, ಓದೆಯೋಂ ನಾಟಕಶಾಲೆಯ ಸ್ತಂಭಸಾಲಿನ ಎದುರಿನಿಂದ ಹೊರಟು, ಮೆಲ್ಲನೆ ಇಳಿಯುತ್ತ ಹೋಗಿ ಕೆಳಗಿನ ಕೂಡುದಾರಿಯನ್ನು ಸೇರುವ ಒಂದು ಬೀದಿಯುಂಟು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಾಟಕಶಾಲೆಯೊಡನೆಯೇ ರೂಪುಗೊಂಡ ಈ ಬೀದಿಯಲ್ಲಿ ಅರಮನೆಗಳಿಲ್ಲ, ವಿಜಯಸ್ತಂಭಗಳಿಲ್ಲ. ಉದ್ದಕ್ಕೂ ನಡೆದು ಮುಗಿಸಲು ಕೆಲವೇ ನಿಮಿಷಗಳು ಸಾಕು. ಆದರೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ಸಾಹಿತ್ಯವು ಹೊಸ ಮಾರ್ಗಗಳನ್ನು ಹಿಡಿದ ಬಗೆಯನ್ನು ತಿಳಿಯಬೇಕೆಂಬವರು, ವಿಶ್ವವಿದ್ಯಾನಿಲಯಗಳಿಗೂ ಅಕಾಡೆಮಿಗಳಿಗೂ ಹೋಗುವುದಕ್ಕೆ ಮೊದಲು, ಈ ಬೀದಿಯ ೭ನೆಯ ಮತ್ತು ೧೨ನೆಯ ಸಂಖ್ಯೆಯ ಬಾಗಿಲುಗಳ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲಿ ಸುಮಾರು ಇಪ್ಪತ್ತು ವರ್ಷಗಳ ಕಾಲ, ಬೀದಿಯ ಆಚೆ ಈಚೆ, ಇಬ್ಬರು ಹೆಂಗಸರು ನಡೆಸಿದ ಎರಡು ಪುಸ್ತಕದಂಗಡಿಗಳಿದ್ದುವು. ಒಂದು ಫ್ರೆಂಚ್ ಪುಸ್ತಕಗಳದು, ಅದರ ಒಡತಿ ಅದ್ರಿಯೆನ್ ಮೊನ್ಯೆ; ಇನ್ನೊಂದು ಇಂಗ್ಲಿಷ್ ಪುಸ್ತಕಗಳದು, ಅದರ ಒಡತಿ ಅಮೆರಿಕದಿಂದ ಬಂದ ಸಿಲ್ವಿಯಾ ಬೀಚ್.

ಎರಡನೆಯ ಅಂಗಡಿಯ ಹೆಸರು, 'ಷೇಕ್ಸ್‌ಪಿಯರ್ ಅಂಡ್ ಕಂಪನಿ', ಇಂದು ಲೋಕವೆಲ್ಲ ಬಲ್ಲುದು. ಜೇಮ್ಸ್ ಜಾಯ್ಸ್‌ನ 'ಯೂಲಿಸಿಸ್' ಕಾದಂಬರಿಯನ್ನು ಪ್ರಕಟಿಸುವ ಧೈರ್ಯ ಯಾವ ಪ್ರಕಾಶಕನಿಗೂ ಇಲ್ಲದಿದ್ದಾಗ ಪ್ರಕಟಿಸಿದ ಅಂಗಡಿ ಅದು, ಎಂಬ ಒಂದು ಸಂಗತಿಯಿಂದಲೇ ಅದರ ಕೀರ್ತಿ ಸ್ಥಿರವಾಗಿದೆ. ಆ ಕೀರ್ತಿ ನ್ಯಾಯವಾದುದೇ. ಆದರೆ ಒಂದು ಮಹಾಗ್ರಂಥದ ಪ್ರಕಟನೆಯಲ್ಲಿಯೇ ಈ ಎರಡು ಅಂಗಡಿಗಳ ಚರಿತ್ರೆಯನ್ನು ಮುಗಿಸಿಬಿಡುವುದು, ಕಳಶವನ್ನು ಮಾತ್ರ ನೋಡಿ ಗುಡಿಯನ್ನು ನೋಡದೆ ಮರಳಿದಂತೆ ಎಂದು ನನ್ನ ಭಾವನೆ. ಇವುಗಳ ನಿತ್ಯದ ಉದ್ಯೋಗ ಪ್ರಕಟನೆಯಲ್ಲ. ಕೇವಲ ಮಾರಾಟವೂ ಅಲ್ಲ. ಪುಸ್ತಕಗಳನ್ನು ಎರವಲು ಕೊಡುವುದು. ಪುಸ್ತಕವನ್ನು ಕೊಳ್ಳುವುದಕ್ಕೆ ಮುಂಚೆ ಓದುವ ಹಕ್ಕು ಓದುಗನಿಗೆ ಇದೆಯೆಂಬ ಒಂದು ಸರಳವಾದ ನಂಬಿಕೆಯ ಮೇಲೆ ಇವೆರಡೂ ನಿಂತಿದ್ದುವು, ಮತ್ತು ಆ ನಂಬಿಕೆಯಿಂದಲೇ ಗಿರಾಕಿಗಳು ಗೆಳೆಯರಾದರು, ಗೆಳೆಯರು ಒಂದು ಸಮಾಜವಾದರು.

ಮೊನ್ಯೆ ಹುಟ್ಟಿದ್ದು ೧೮೯೨ರಲ್ಲಿ, ಪ್ಯಾರಿಸ್ಸಿನಲ್ಲಿಯೇ. ಆಕೆಯ ತಂದೆ ಅಂಚೆ ಇಲಾಖೆಯ ನೌಕರ. ರಾತ್ರಿಯ ರೈಲುಗಾಡಿಗಳಲ್ಲಿ ಪ್ರಯಾಣಮಾಡುತ್ತ, ಗಾಡಿ ಓಡುತ್ತಿರುವಾಗಲೇ ಕಾಗದಗಳನ್ನು ಊರೂರಿಗೆ ವಿಂಗಡಿಸುವುದು ಆತನ ಕೆಲಸ. ೧೯೧೩ರಲ್ಲಿ ಅಂತಹ ಒಂದು ಗಾಡಿ ಅಪಘಾತಕ್ಕೀಡಾಗಿ ಆತನು ತೀವ್ರವಾಗಿ ಗಾಯಗೊಂಡನು. ಪರಿಹಾರವಾಗಿ ಹತ್ತು ಸಾವಿರ ಫ್ರಾಂಕುಗಳು ಬಂದುವು. ತನ್ನ ದೇಹದ ನೋವಿಗೆ ಬೆಲೆಯಾಗಿ ದೊರೆತ ಆ ಹಣವನ್ನು, ಮುಪ್ಪಿನ ದಿನಗಳಿಗೆಂದು ಒಂದು ಕಾಸನ್ನೂ ಕಟ್ಟಿಡದೆ, ಪುಸ್ತಕದಂಗಡಿಯೊಂದನ್ನು ತೆರೆಯಬೇಕೆಂದು ಹಂಬಲಿಸುತ್ತಿದ್ದ ಮಗಳ ಕೈಯಲ್ಲಿ ಆತನು ಇಟ್ಟನು. ಸಾಹಿತ್ಯದ ಇತಿಹಾಸಕಾರರು ಕವಿಗಳ ಆಶ್ರಯದಾತರಾದ ಅರಸರನ್ನೂ ಶ್ರೀಮಂತರನ್ನೂ ಹೆಸರಿಸುವಾಗ ಈ ಅಂಚೆಯ ನೌಕರನನ್ನೂ ಸ್ಮರಿಸುವುದು ಯುಕ್ತವಾದುದು.

ಅಂಗಡಿ ತೆರೆದುದು ೧೯೧೫ರ ನವೆಂಬರ್ ೧೫ರಂದು, ಮೊದಲನೆಯ ಮಹಾಯುದ್ಧವು ಘೋರರೂಪವನ್ನು ತಾಳಿದ್ದ ಕಾಲದಲ್ಲಿ. ಆಗ ಮೊನ್ಯೆಗೆ ಇಪ್ಪತ್ತಮೂರು ವರ್ಷ. ಪುಸ್ತಕವ್ಯಾಪಾರದಲ್ಲಿ ಅನುಭವವಿಲ್ಲದ ತರುಣಿಯೊಬ್ಬಳಿಗೆ ಆ ಕಾಲದ ಪ್ಯಾರಿಸ್ಸಿನಲ್ಲಿ ಸ್ಥಳ ದೊರೆಯುವುದು ಸುಲಭವಾಗಿರಲಿಲ್ಲ. ಆ ಉದ್ಯಮದ ಗಂಡಸರನೇಕರು ಯುದ್ಧಭೂಮಿಗೆ ಹೋಗಿದ್ದುದೇ ಆಕೆಗೆ ದಾರಿಯನ್ನು ತೆರೆಯಿತು. ಅಂಗಡಿಗೆ 'ಪುಸ್ತಕಮಿತ್ರರ ಮನೆ' ಎಂಬ ಅರ್ಥದ ಹೆಸರನ್ನಿಟ್ಟಳು. ಮೂಲಧನ ಸ್ವಲ್ಪವಾಗಿದ್ದುದರಿಂದ ಎಲ್ಲ ಬಗೆಯ ಪುಸ್ತಕಗಳನ್ನೂ ತುಂಬಿಡುವುದು ಶಕ್ಯವಿರಲಿಲ್ಲ. ಹಾಗಾಗಿ ತಾನು ಓದಿ ಮೆಚ್ಚಿದವನ್ನೇ, ಅದರಲ್ಲಿಯೂ ದೊಡ್ಡ ಅಂಗಡಿಗಳು ಕಡೆಗಣಿಸುತ್ತಿದ್ದ ಸಮಕಾಲೀನ ಕವಿಗಳ ಕೃತಿಗಳನ್ನೂ ಚಿಕ್ಕ ಪತ್ರಿಕೆಗಳನ್ನೂ, ಆರಿಸಿ ತಂದಿಟ್ಟಳು. ಕವಿ ಪೋಲ್ ಫೋರ್ ತನ್ನ ಪತ್ರಿಕೆಯ ಹಳೆಯ ಸಂಚಿಕೆಗಳ ದಾಸ್ತಾನನ್ನೆಲ್ಲ ಆಕೆಗೆ ಮಾರಿದನು. ವರ್ಷಗಟ್ಟಲೆ ಧೂಳು ಹಿಡಿದಿದ್ದ ಆ ಸಂಚಿಕೆಗಳು ಆಕೆಯ ಕಪಾಟುಗಳಲ್ಲಿ ಹೊಸದಾಗಿ ಓದುಗರನ್ನು ಪಡೆದುವು.

ಓದದ ಪುಸ್ತಕವನ್ನು ಹಣಕೊಟ್ಟು ಕೊಳ್ಳುವುದೆಂದರೇನೆಂಬುದೇ ಮೊನ್ಯೆಗೆ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ಬಹುಕಾಲ ಉಳಿಯಬೇಕಾದ ಪುಸ್ತಕದೊಡನೆ ಮೊದಲು ಪರಿಚಯ ಬೆಳೆಯಬೇಕು, ಪರಿಚಯವು ಪ್ರೀತಿಯಾದ ಮೇಲೆ ಅದನ್ನು ಕೊಳ್ಳಬೇಕು, ಎಂಬುದು ಆಕೆಯ ಮತ. ಆ ಕಾಲದ ಪ್ಯಾರಿಸ್ಸಿನಲ್ಲಿ ಚಂದಾ ಪಡೆದು ಕಾದಂಬರಿಗಳನ್ನು ಎರವಲು ಕೊಡುವ ಅಂಗಡಿಗಳು ಇಲ್ಲದಿರಲಿಲ್ಲ. ಅವು ಹೊತ್ತುಗಳೆಯುವ ಓದಿಗೆ ಬೇಕಾದುದನ್ನು ಒದಗಿಸುತ್ತಿದ್ದುವು. ಗಂಭೀರವಾದ ಹೊಸ ಸಾಹಿತ್ಯವನ್ನು, ಕಾವ್ಯವನ್ನು, ಐನೂರು ಪ್ರತಿಗಳೂ ಮಾರಾಟವಾಗದ ಪ್ರಯೋಗಗಳನ್ನು ಎರವಲು ಕೊಡುವುದೇ ತನ್ನ ಮುಖ್ಯ ವೃತ್ತಿಯೆಂದು ಸಾರಿದುದು ಈಕೆಯ ವೈಶಿಷ್ಟ್ಯ. ಪ್ರತಿಯೊಂದು ಪುಸ್ತಕಕ್ಕೂ ಪಾರದರ್ಶಕವಾದ ತೆಳು ಕಾಗದದ ಹೊದಿಕೆಯನ್ನು ತನ್ನ ಕೈಯಾರೆ ಹಾಕುತ್ತಿದ್ದಳು. ಪಾದದವರೆಗೆ ಇಳಿಯುವ ಬೂದುಬಣ್ಣದ ನಿಲುವಂಗಿಯನ್ನು ತೊಟ್ಟು, ಹಳ್ಳಿಯ ಗೃಹಿಣಿಯೋ ಮಠದ ಸಂನ್ಯಾಸಿನಿಯೋ ಎಂದು ಸಂದೇಹ ಬರುವಂತಿದ್ದ ಆ ಮೂರ್ತಿಯನ್ನು, ವಿದ್ಯಾರ್ಥಿನಿಯಾಗಿ ಅಲ್ಲಿಗೆ ಪುಸ್ತಕಗಳಿಗಾಗಿ ಹೋಗುತ್ತಿದ್ದ ಸಿಮೋನ್ ದ ಬೋವ್ವಾರ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾಳೆ.

ಎರವಲಿನ ಪದ್ಧತಿಗೆ ಒಂದು ವಿಶೇಷ ಗುಣವಿದೆ. ಕೊಂಡವನು ಒಮ್ಮೆ ಬಂದು ಹೋಗುತ್ತಾನೆ. ಎರವಲು ಪಡೆದವನು ಹಿಂದಿರುಗಿಸುವುದಕ್ಕಾದರೂ ಮತ್ತೆ ಬರಲೇಬೇಕು. ಬಂದಾಗ, ಓದಿದುದರ ವಿಷಯವಾಗಿ ಒಂದು ಮಾತು. ಆ ಮಾತಿಗೆ ಪಕ್ಕದಲ್ಲಿ ಪುಸ್ತಕ ಹುಡುಕುತ್ತ ನಿಂತ ಇನ್ನೊಬ್ಬನ ಒಂದು ಉತ್ತರ. ಆ ಇನ್ನೊಬ್ಬನೇ ಒಮ್ಮೊಮ್ಮೆ ಆ ಪುಸ್ತಕದ ಕರ್ತೃ. ಹೀಗೆ, ಯಾರೂ ಸಭೆ ಕರೆಯದೆ, ನಿಯಮಾವಳಿಗಳನ್ನು ಬರೆಯದೆ, ಅಲ್ಲಿ ಒಂದು ಗೋಷ್ಠಿ ತಾನಾಗಿ ಸಿದ್ಧಿಸಿತು. ಮಾತಿನ ಮೋಡಿಗಾರನೆನಿಸಿದ್ದ ಕವಿ ಲೆಯೋಂ ಪೋಲ್ ಫಾರ್ಗ್, ಹಲವು ಭಾಷೆಗಳಲ್ಲಿ ನುರಿತ ವಾಲೆರಿ ಲಾರ್ಬೋ, ಜೂಲ್ ರೋಮೇಂ, ಆಂದ್ರೆ ಜೀದ್, ಪೋಲ್ ವಲೇರಿ ಇವರೆಲ್ಲ ಅಲ್ಲಿಗೆ ಬರುತ್ತಿದ್ದರು. ಸೈನಿಕ ಸಮವಸ್ತ್ರದಲ್ಲಿಯೇ ಬರುತ್ತಿದ್ದ ಆಂದ್ರೆ ಬ್ರೆತೋಂ, ಲೂಯಿ ಅರಾಗೋಂ ಎಂಬ ಇಬ್ಬರು ತರುಣರು ಮುಂದೆ ಅತಿವಾಸ್ತವ ಪಂಥದ ಪ್ರವರ್ತಕರಾದರು. ಕವಿಗಳು ತಮ್ಮ ಅಪ್ರಕಟಿತ ರಚನೆಗಳನ್ನು ಅಲ್ಲಿ ಓದುತ್ತಿದ್ದರು. ೧೯೧೯ರ ಮಾರ್ಚಿನಲ್ಲಿ ಸಂಗೀತಕಾರ ಎರಿಕ್ ಸಾತಿ, ಪ್ಲೇಟೋವಿನ ಸಂವಾದಗಳನ್ನು ಆಧರಿಸಿ ಸಂಯೋಜಿಸಿದ್ದ 'ಸೋಕ್ರಾತ್' ಎಂಬ ತನ್ನ ಕೃತಿಯನ್ನು, ವಾದ್ಯವೃಂದದ ನಾಟಕಶಾಲೆಗಳಿಗೆ ಅದು ಹೋಗುವುದಕ್ಕೆ ಮೊದಲೇ, ಪುಸ್ತಕಗಳ ನಡುವೆ ಪಿಯಾನೋವಿನ ಮುಂದೆ ಕುಳಿತು ಕೇಳಿಸಿದನು.

ಸಾಹಿತ್ಯದ ವಾರ್ತೆ ಎಂಬುದು ಅಂದಿನ ದಿನಪತ್ರಿಕೆಗಳಲ್ಲಿಯೂ ಬರುತ್ತಿತ್ತು. ಬಹುಮಾನಗಳ, ಅಕಾಡೆಮಿಯ ಚುನಾವಣೆಗಳ, ಮರಣಗಳ ವಾರ್ತೆ ಅದು. ಓದೆಯೋಂ ಬೀದಿಯಲ್ಲಿ ಹರಡುತ್ತಿದ್ದ ವಾರ್ತೆ ಬೇರೆ ಜಾತಿಯದು. ಯಾವನು ಯಾವ ಕೃತಿಯಲ್ಲಿ ತೊಡಗಿದ್ದಾನೆ, ಯಾವ ಹಸ್ತಪ್ರತಿ ಯಾವ ಪ್ರಕಾಶಕನಿಂದ ಮರಳಿ ಬಂದಿತು, ಯಾವ ಚಿಕ್ಕ ಪತ್ರಿಕೆ ಹುಟ್ಟಲಿದೆ, ಯಾವುದು ಮುಂದಿನ ಸಂಚಿಕೆಯನ್ನು ಕಾಣಲಾರದು, ಯಾರಿಗೆ ಕಾಯಿಲೆ, ಯಾರಿಗೆ ಬಾಡಿಗೆ ಕೊಡಲು ಹಣವಿಲ್ಲ ಎಂಬುವು ಅಲ್ಲಿ ಮೊದಲು ತಿಳಿಯುತ್ತಿದ್ದುವು. ಮತ್ತು ತಿಳಿದ ಮೇಲೆ ಅವು ಬರಿಯ ಮಾತಾಗಿ ಉಳಿಯುತ್ತಿರಲಿಲ್ಲ. ಹಸ್ತಪ್ರತಿಗೆ ಓದುಗನೊಬ್ಬ ದೊರೆಯುತ್ತಿದ್ದನು, ಪತ್ರಿಕೆಗೆ ಹತ್ತು ಮಂದಿ ಚಂದಾದಾರರು ಹುಟ್ಟುತ್ತಿದ್ದರು.

ಈ ಮನೆಗೆ ಯುದ್ಧದ ಕೊನೆಯ ವರ್ಷಗಳಲ್ಲಿ ಸಿಲ್ವಿಯಾ ಬೀಚ್ ಬಂದಳು. ೧೮೮೭ರಲ್ಲಿ ಬಾಲ್ಟಿಮೋರಿನಲ್ಲಿ, ಕ್ರೈಸ್ತ ಧರ್ಮೋಪದೇಶಕನೊಬ್ಬನ ಮಗಳಾಗಿ ಹುಟ್ಟಿದ ಈಕೆ, ತಂದೆಯು ಪ್ಯಾರಿಸ್ಸಿನ ಅಮೆರಿಕನ್ ಚರ್ಚಿನಲ್ಲಿ ಸೇವೆಯಲ್ಲಿದ್ದ ಕಾಲದಲ್ಲಿಯೇ ಹದಿಹರೆಯದಲ್ಲಿ ಆ ನಗರವನ್ನು ಕಂಡಿದ್ದಳು. ಫ್ರೆಂಚ್ ಸಾಹಿತ್ಯದ ಅಧ್ಯಯನಕ್ಕಾಗಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತಿದ್ದಾಗ, ಪೋಲ್ ಫೋರ್‌ನ ಪತ್ರಿಕೆಯು ಓದೆಯೋಂ ಬೀದಿಯ ಅಂಗಡಿಯೊಂದರಲ್ಲಿ ದೊರೆಯುವುದೆಂಬ ಸೂಚನೆಯನ್ನು ಕಂಡು ಅಲ್ಲಿಗೆ ಹೋದಳು. ಬಾಗಿಲಲ್ಲಿ ಗಾಳಿ ಬೀಸಿ ಆಕೆಯ ಟೋಪಿ ಬೀದಿಗೆ ಹಾರಿತು. ಮೊನ್ಯೆ ತನ್ನ ಉದ್ದನೆಯ ನಿಲುವಂಗಿಯೊಡನೆಯೇ ಓಡಿಹೋಗಿ ಅದನ್ನು ಹಿಡಿದು, ಧೂಳೊರೆಸಿ ತಂದುಕೊಟ್ಟಳು. ಅಂದು ಆರಂಭವಾದ ಸ್ನೇಹ ಮರಣದವರೆಗೆ ಉಳಿದುಬಂದಿತು.

ನ್ಯೂಯಾರ್ಕಿನಲ್ಲಿ ಒಂದು ಫ್ರೆಂಚ್ ಪುಸ್ತಕದಂಗಡಿಯನ್ನು ತೆರೆಯಬೇಕೆಂಬುದು ಬೀಚಳ ಮೊದಲ ಆಸೆ. ಅಲ್ಲಿಯ ಬಾಡಿಗೆಗಳು ಅವಳ ಅಳವಿಗೆ ಮೀರಿದುವು. ಲಂಡನ್ನಿನಲ್ಲಿ ಸ್ಥಳವನ್ನು ಅರಸಿದಾಗ ಅಲ್ಲಿಯವರು ಬೇಡವೆಂದರು. ಕೊನೆಗೆ ಮೊನ್ಯೆಯ ಸಲಹೆಯಂತೆ ಪ್ಯಾರಿಸ್ಸಿನಲ್ಲಿಯೇ ಇಂಗ್ಲಿಷ್ ಪುಸ್ತಕಗಳ ಅಂಗಡಿಯನ್ನು ತೆರೆಯುವುದೆಂದು ನಿಶ್ಚಯವಾಯಿತು. ತಾಯಿ ತಾನು ಉಳಿಸಿಟ್ಟಿದ್ದ ಮೂರು ಸಾವಿರ ಡಾಲರುಗಳನ್ನು ಕಳುಹಿಸಿದಳು. ಇಲ್ಲಿ ತಂದೆಯ ಗಾಯದ ಹಣ, ಅಲ್ಲಿ ತಾಯಿಯ ಉಳಿತಾಯ: ಈ ಎರಡು ಅಂಗಡಿಗಳ ಅಡಿಗಲ್ಲನ್ನು ಇಟ್ಟವರು ಬ್ಯಾಂಕುಗಳಲ್ಲ, ಹೆತ್ತವರು. ೧೯೧೯ರ ನವೆಂಬರ್ ೧೯ರಂದು, ಓದೆಯೋಂ ಬೀದಿಗೆ ಸಮೀಪದ ದ್ಯುಪ್ಯುತ್ರಂ ಬೀದಿಯ ೮ನೆಯ ಸಂಖ್ಯೆಯಲ್ಲಿ, ಹಿಂದೆ ಬಟ್ಟೆಯೊಗೆಯುವ ಅಂಗಡಿಯಾಗಿದ್ದ ಸ್ಥಳದಲ್ಲಿ, 'ಷೇಕ್ಸ್‌ಪಿಯರ್ ಅಂಡ್ ಕಂಪನಿ' ಬಾಗಿಲು ತೆರೆಯಿತು. ೧೯೨೧ರ ಬೇಸಗೆಯಲ್ಲಿ ಮೊನ್ಯೆಯ ಅಂಗಡಿಯ ಎದುರಿಗೇ, ೧೨ನೆಯ ಸಂಖ್ಯೆಗೆ, ಅದು ವರ್ಗವಾಯಿತು.

ಯುದ್ಧಾನಂತರದ ಫ್ರಾನ್ಸಿನಲ್ಲಿ ಇಂಗ್ಲಿಷ್ ಪುಸ್ತಕಗಳ ಬೆಲೆ ಸಾಮಾನ್ಯನ ಕೈಗೆ ನಿಲುಕುವಂತಿರಲಿಲ್ಲ. ಪೌಂಡು ಡಾಲರುಗಳ ಲೆಕ್ಕದಲ್ಲಿ ಬಂದ ಬೆಲೆಯನ್ನು ಫ್ರಾಂಕುಗಳಿಗೆ ತಿರುಗಿಸಿದಾಗ ಅದು ಹಲವುಪಟ್ಟಾಗಿ ಕಾಣುತ್ತಿತ್ತು. ಆದುದರಿಂದ ಇಲ್ಲಿಯೂ ಎರವಲೇ ಜೀವಾಳವಾಯಿತು. ಚಂದಾದಾರನು ಠೇವಣಿಯನ್ನಿಟ್ಟು ತನಗೆ ಬೇಕಾದಷ್ಟು ತಿಂಗಳ ಚಂದಾವನ್ನು ಕೊಡುವುದು, ಒಂದು ಅಥವಾ ಎರಡು ಪುಸ್ತಕಗಳನ್ನು ಒಯ್ಯುವುದು, ಒಯ್ದುದನ್ನೂ ತಂದುದನ್ನೂ ಅವನ ಹೆಸರಿನ ಕಾರ್ಡಿನಲ್ಲಿ ಬರೆದಿಡುವುದು, ಇಷ್ಟೇ ಅದರ ಕ್ರಮ. ಪುಸ್ತಕಗಳ ಪಟ್ಟಿಯಾಗಲಿ ಸೂಚಿಯಾಗಲಿ ಇರಲಿಲ್ಲ. ಬಂದವರು ಕಪಾಟಿನ ಮುಂದೆ ನಿಂತು ತಾವೇ ಹುಡುಕಬೇಕು. ಆ ಹುಡುಕಾಟದಲ್ಲಿ ಒಂದನ್ನು ಅರಸಿ ಬಂದವನಿಗೆ ಇನ್ನೊಂದು ದೊರೆಯುತ್ತಿತ್ತು. ಓದಿನಲ್ಲಿ ರುಚಿ ಬೆಳೆಯುವುದಕ್ಕೆ ಇದಕ್ಕಿಂತ ಉತ್ತಮವಾದ ಶಿಕ್ಷಣಕ್ರಮವನ್ನು ನಾನು ಕಾಣೆ.

ಎರ್ನೆಸ್ಟ್ ಹೆಮಿಂಗ್ವೇ ಇಲ್ಲಿಗೆ ಮೊದಲು ಬಂದಾಗ ಇಪ್ಪತ್ತೆರಡು ವರ್ಷದವನು. ಪತ್ರಿಕಾವರದಿಗಾರನ ಅಲ್ಪ ಸಂಪಾದನೆಯಲ್ಲಿ ಬದುಕುತ್ತಿದ್ದನು. ಠೇವಣಿಯ ಹಣ ಆ ದಿನ ಕೈಯಲ್ಲಿರಲಿಲ್ಲ. ಆದಾಗ ಕೊಡಬಹುದೆಂದು ಹೇಳಿ, ಅವನು ಎಣಿಸಿದುದಕ್ಕಿಂತ ಹೆಚ್ಚು ಪುಸ್ತಕಗಳನ್ನು ಬೀಚ್ ಅವನ ಕೈಗಿತ್ತಳು. ತುರ್ಗೇನೆವ್, ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ ಇವರ ಕೃತಿಗಳು ಅವನ ಮನೆಗೆ ಹೋದುದು ಹೀಗೆ. ಕಾಲೇಜಿನ ಮೆಟ್ಟಿಲನ್ನು ಹತ್ತದಿದ್ದ ಆ ತರುಣನಿಗೆ ಓದೆಯೋಂ ಬೀದಿಯ ಕಪಾಟುಗಳೇ ಉನ್ನತ ವಿದ್ಯಾಭ್ಯಾಸವಾದುವು ಎಂದರೆ ಅತಿಶಯವಾಗದು; ತನ್ನ ಕೊನೆಯ ದಿನಗಳಲ್ಲಿ ಬರೆದ ಪ್ಯಾರಿಸ್ಸಿನ ನೆನಪುಗಳಲ್ಲಿ ಅವನು ಈ ಉಪಕಾರವನ್ನು ಮನಸಾರ ಸ್ಮರಿಸಿದ್ದಾನೆ.

ಈ ಅಂಗಡಿಯು ಅಂಚೆಕಚೇರಿಯೂ ಆಗಿದ್ದಿತು. ಇಂದು ಒಂದು ಹೋಟೆಲು, ನಾಳೆ ಇನ್ನೊಂದು ಬಾಡಿಗೆಯ ಕೋಣೆ ಎಂದು ಅಲೆಯುತ್ತಿದ್ದ ಅಮೆರಿಕದ ಬರೆಹಗಾರರು ತಮ್ಮ ವಿಳಾಸವಾಗಿ ಈ ಅಂಗಡಿಯನ್ನೇ ಕೊಡುತ್ತಿದ್ದರು; ಬಂದ ಕಾಗದಗಳನ್ನು ಬೀಚ್ ಅಕ್ಷರಕ್ರಮದಲ್ಲಿ ವಿಂಗಡಿಸಿ ಇಡುತ್ತಿದ್ದಳು. ಒಮ್ಮೊಮ್ಮೆ ಅದು ಬ್ಯಾಂಕೂ ಆಗುತ್ತಿದ್ದಿತು. ಚೆಕ್ಕು ಬರುವವರೆಗೆ ಕೈಗಡ ಬೇಕಾದವರಿಗೆ ಗಲ್ಲಾಪೆಟ್ಟಿಗೆಯಿಂದಲೇ ಸಿಕ್ಕುತ್ತಿದ್ದಿತು. ಗೋಡೆಯ ಮೇಲೆ ಮ್ಯಾನ್ ರೇ ಮತ್ತು ಬೆರೆನೀಸ್ ಆಬಟ್ ತೆಗೆದ ಬರೆಹಗಾರರ ಭಾವಚಿತ್ರಗಳು ತೂಗುತ್ತಿದ್ದುವು. ತನ್ನ ಚಿತ್ರ ಆ ಗೋಡೆಯನ್ನು ಸೇರುವುದು ಅಂದಿನ ತರುಣ ಲೇಖಕನಿಗೆ ಒಂದು ಪದವಿಯಂತೆ ತೋರುತ್ತಿದ್ದಿತು.

ಇಂತಹ ನೆಲದಲ್ಲಿಯೇ 'ಯೂಲಿಸಿಸ್' ಬೇರುಬಿಡುವುದು ಸಾಧ್ಯವಾಯಿತು. ಬೀಚ್ ಜಾಯ್ಸ್‌ನನ್ನು ೧೯೨೦ರ ಜುಲೈ ತಿಂಗಳಿನಲ್ಲಿ, ಕವಿ ಆಂದ್ರೆ ಸ್ಪೀರ್‌ನ ಮನೆಯ ಔತಣವೊಂದರಲ್ಲಿ ಕಂಡಳು. ಮರುದಿನವೇ ಅವನು ಅಂಗಡಿಗೆ ಬಂದು ಚಂದಾದಾರನಾದನು. ಆಗ 'ಯೂಲಿಸಿಸ್' ನ್ಯೂಯಾರ್ಕಿನ 'ಲಿಟ್ಲ್ ರಿವ್ಯೂ' ಪತ್ರಿಕೆಯಲ್ಲಿ ಭಾಗಭಾಗವಾಗಿ ಬರುತ್ತಿತ್ತು. ೧೯೨೧ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಾಲಯವು ಅದನ್ನು ಅಶ್ಲೀಲವೆಂದು ತೀರ್ಮಾನಿಸಿ, ಪತ್ರಿಕೆಯ ಸಂಪಾದಕಿಯರಾದ ಮಾರ್ಗರೆಟ್ ಆಂಡರ್ಸನ್ ಮತ್ತು ಜೇನ್ ಹೀಪ್ ಇಬ್ಬರಿಗೂ ದಂಡ ವಿಧಿಸಿತು. ಪ್ರಕಟಿಸಲು ಒಪ್ಪಿದ್ದ ಅಮೆರಿಕದ ಪ್ರಕಾಶಕ ಹಿಂಜರಿದನು; ಇಂಗ್ಲೆಂಡಿನಲ್ಲಿ ಅಚ್ಚುಮಾಡಲು ಮುದ್ರಕರೇ ಒಪ್ಪಲಿಲ್ಲ. ಹತಾಶನಾಗಿ ಅಂಗಡಿಗೆ ಬಂದು ಈ ವಿಷಯವನ್ನು ಹೇಳಿಕೊಂಡ ಲೇಖಕನನ್ನು, ಆ ಪುಸ್ತಕವನ್ನು ಹೊರತರುವ ಗೌರವವನ್ನು ತನ್ನ ಅಂಗಡಿಗೆ ಕೊಡುವಿರಾ ಎಂದು ಬೀಚ್ ಕೇಳಿದಳು. ಅದುವರೆಗೆ ಅವಳು ಒಂದು ಪುಸ್ತಕವನ್ನೂ ಪ್ರಕಟಿಸಿದವಳಲ್ಲ.

ಕೆಲಸ ನಡೆದ ಬಗೆಯನ್ನು ನೋಡಿದರೆ, ಎರವಲು ಪುಸ್ತಕಾಲಯದಲ್ಲಿ ಕಲಿತ ಪಾಠವೇ ಇಲ್ಲಿಯೂ ನೆರವಾಯಿತೆಂದು ತಿಳಿಯುತ್ತದೆ. ಮೊನ್ಯೆಯ ಮುದ್ರಕನಾದ, ದಿಜೋಂ ನಗರದ ದಾರಾಂತಿಯೆರ್, ಹಣ ಬಂದಾಗ ಪಡೆಯಲು ಒಪ್ಪಿದನು. ಒಟ್ಟು ಒಂದು ಸಾವಿರ ಪ್ರತಿಗಳು: ಲೇಖಕನ ಹಸ್ತಾಕ್ಷರವುಳ್ಳ ೧೦೦ಕ್ಕೆ ತಲಾ ೩೫೦ ಫ್ರಾಂಕು, ಬೇರೆ ಉತ್ತಮ ಕಾಗದದ ೧೫೦ಕ್ಕೆ ೨೫೦, ಉಳಿದ ೭೫೦ಕ್ಕೆ ೧೫೦. ಮುಂಗಡ ಚಂದಾದಾರರನ್ನು ಕೂಡಿಸಲು ಕರಪತ್ರಗಳು ಹೊರಟುವು. ಜೀದ್ ತಾನೇ ಅಂಗಡಿಗೆ ಬಂದು ಹೆಸರು ಬರೆಸಿದನು, ಯೇಟ್ಸ್ ಬರೆಸಿದನು, ಬರ್ನಾರ್ಡ್ ಷಾ ಒಂದು ದೀರ್ಘವಾದ ಕಾಗದದಲ್ಲಿ ನಿರಾಕರಿಸಿದನು. ಓದುಗರು ಪುಸ್ತಕವನ್ನು ಕಾಣುವ ಮೊದಲೇ ಹಣವನ್ನು ಕೊಟ್ಟರು. ಕೊಂಡ ಮೇಲೆ ಓದುವುದು ಬೇಡವೆಂದಿದ್ದ ಮೊನ್ಯೆಯ ಸಿದ್ಧಾಂತಕ್ಕೆ ಇದು ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅವರು ಪುಸ್ತಕವನ್ನು ಓದಿರದಿದ್ದರೂ ಅಂಗಡಿಯನ್ನು ಓದಿದ್ದರು. ತಮಗೆ ಒಳ್ಳೆಯ ಪುಸ್ತಕಗಳನ್ನೇ ಕೈಗಿತ್ತವಳ ಮಾತನ್ನು ನಂಬಿ ಹಣಕೊಟ್ಟರು.

ಅಚ್ಚಿನ ಕೆಲಸ ಕ್ಲೇಶಕರವಾದುದು. ಇಂಗ್ಲಿಷ್ ಅರಿಯದ ಮೊಳೆಜೋಡಿಸುವವರು. ಕಣ್ಣಿನ ವ್ಯಾಧಿಯಿಂದ ನರಳುತ್ತಿದ್ದ ಲೇಖಕ. ಒಂದು ಅಧ್ಯಾಯವನ್ನು ಬೆರಳಚ್ಚು ಮಾಡುತ್ತಿದ್ದ ಹೆಂಗಸಿನ ಗಂಡನು ಹಸ್ತಪ್ರತಿಯನ್ನು ಓದಿ ಕೆರಳಿ ಅದರ ಕೆಲವು ಹಾಳೆಗಳನ್ನು ಬೆಂಕಿಗೆಸೆದನು. ಇವೆಲ್ಲಕ್ಕಿಂತ ಮಿಗಿಲಾಗಿ, ಕರಡಚ್ಚು ಬಂದಾಗಲೆಲ್ಲ ಅದರ ಅಂಚುಗಳಲ್ಲಿ ಜಾಯ್ಸ್ ಹೊಸ ವಾಕ್ಯಗಳನ್ನು ತುಂಬುತ್ತ ಹೋದನು; ಗ್ರಂಥದ ಸುಮಾರು ಮೂರನೆಯ ಒಂದು ಭಾಗ ಹೀಗೆ ಕರಡಿನ ಮೇಲೆಯೇ ಬೆಳೆಯಿತೆಂದು ಹೇಳುತ್ತಾರೆ. ಪ್ರತಿಯೊಂದು ಸೇರಿಕೆಗೂ ಮುದ್ರಕನ ಲೆಕ್ಕ ಏರುತ್ತಿತ್ತು. ಬೀಚ್ ಒಮ್ಮೆಯೂ ತಡೆಯಲಿಲ್ಲ. ವೃತ್ತಿಯಿಂದ ಪ್ರಕಾಶಕನಾದವನು ಯಾವನೂ ಇದನ್ನು ಸಹಿಸುತ್ತಿರಲಿಲ್ಲ. ವೃತ್ತಿಯಿಂದ ಆಕೆ ಓದುಗಾರ್ತಿಯಾಗಿದ್ದುದರಿಂದಲೇ ಇಂದು ಲೋಕವು ಓದುತ್ತಿರುವ ರೂಪದಲ್ಲಿ 'ಯೂಲಿಸಿಸ್' ನಮಗೆ ದೊರೆತಿದೆ.

ಪುಸ್ತಕ ಹೊರಬರುವುದಕ್ಕೆ ಮೊದಲೇ, ೧೯೨೧ರ ಡಿಸೆಂಬರ್ ೭ರಂದು, ಬೀದಿಯ ಆಚೆ ಮೊನ್ಯೆಯ ಅಂಗಡಿಯಲ್ಲಿ ಲಾರ್ಬೋ ಅದರ ಮೇಲೆ ಉಪನ್ಯಾಸ ಮಾಡಿದನು. ಸುಮಾರು ೨೫೦ ಮಂದಿ ಆ ಚಿಕ್ಕ ಸ್ಥಳದಲ್ಲಿ ಕಿಕ್ಕಿರಿದಿದ್ದರು. ಮರುವರ್ಷ ಫೆಬ್ರವರಿ ೨ರಂದು, ಜಾಯ್ಸ್‌ನ ನಲವತ್ತನೆಯ ಹುಟ್ಟುಹಬ್ಬದ ಬೆಳಗಿನ ಏಳು ಗಂಟೆಗೆ, ದಿಜೋಂನಿಂದ ಬಂದ ರೈಲಿನ ಕಂಡಕ್ಟರನ ಕೈಯಿಂದ ಬೀಚ್ ಮೊದಲ ಎರಡು ಪ್ರತಿಗಳನ್ನು ಪಡೆದಳು. ಒಂದನ್ನು ಲೇಖಕನ ಮನೆಗೆ ಮುಟ್ಟಿಸಿ, ಇನ್ನೊಂದನ್ನು ಅಂಗಡಿಯ ಗಾಜಿನ ಕಿಟಕಿಯಲ್ಲಿಟ್ಟಳು. ಗ್ರೀಸ್ ದೇಶದ ಧ್ವಜದ ನೀಲಿಯನ್ನು ಹೊದ್ದ, ೭೩೨ ಪುಟಗಳ ಆ ಗ್ರಂಥವನ್ನು ನೋಡಲು ಜನ ನೆರೆದು, ತಮ್ಮ ಪ್ರತಿಯನ್ನು ಆಗಲೇ ಕೊಡಬೇಕೆಂದು ಹಟ ಹಿಡಿದುದರಿಂದ, ಉಳಿದ ಆ ಒಂದು ಪ್ರತಿಯ ರಕ್ಷಣೆಗಾಗಿ ಅದನ್ನು ಒಳಗೆ ತೆಗೆದಿಡಬೇಕಾಯಿತು. ನಿಷೇಧವಿದ್ದ ಅಮೆರಿಕಕ್ಕೆ ಪ್ರತಿಗಳನ್ನು ಸೇರಿಸುವ ಉಪಾಯವೂ ಅಂಗಡಿಯ ಗೆಳೆತನದಿಂದಲೇ ಹೊಳೆಯಿತು: ಹೆಮಿಂಗ್ವೇಯ ಪರಿಚಿತನಾದ ಬ್ರೇವರ್ಮನ್ ಎಂಬುವನು ಕೆನಡಾದ ಗಡಿಯಿಂದ ನದಿ ದಾಟುವ ದೋಣಿಯಲ್ಲಿ, ದಿನಕ್ಕೊಂದು ಪ್ರತಿಯನ್ನು ಬಟ್ಟೆಯೊಳಗೆ ಅಡಗಿಸಿಕೊಂಡು, ಡೆಟ್ರಾಯಿಟಿಗೆ ಸಾಗಿಸಿದನು.

ಮುಂದಿನ ಕಥೆ ದುಃಖದಾಯಕ. ಎಂಟು ವರ್ಷಗಳಲ್ಲಿ ಹನ್ನೊಂದು ಮುದ್ರಣಗಳನ್ನು ಹೊರತಂದ ಬೀಚಳಿಗೆ, ೧೯೩೩ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಧೀಶ ವೂಲ್ಸಿ ನಿಷೇಧವನ್ನು ತೆಗೆದು, ೧೯೩೪ರಲ್ಲಿ ಅಲ್ಲಿಯ ಪ್ರಕಾಶನಸಂಸ್ಥೆಯೊಂದು ಪುಸ್ತಕವನ್ನು ಹೊರತಂದಾಗ, ಏನೂ ಬರಲಿಲ್ಲ. ತನ್ನ ಹಕ್ಕನ್ನು ಅವಳು ಲೇಖಕನಿಗಾಗಿ ಬಿಟ್ಟುಕೊಟ್ಟಿದ್ದಳು. ಇದನ್ನು ಔದಾರ್ಯವೆಂದು ಕೊಂಡಾಡಿ ಸುಮ್ಮನಾಗುವುದು ನನಗೆ ಒಪ್ಪಿಗೆಯಲ್ಲ. ಒಂದು ಚಿಕ್ಕ ಅಂಗಡಿಯ ಹತ್ತು ವರ್ಷದ ದುಡಿಮೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿಲ್ಲ ಎಂಬುದೂ ಸಾಹಿತ್ಯಚರಿತ್ರೆಯ ಭಾಗವೇ.

ಮೊನ್ಯೆಯೂ ಇಂತಹ ನಷ್ಟವನ್ನು ಬಲ್ಲವಳು. ೧೯೨೫ರ ಜೂನಿನಲ್ಲಿ 'ಬೆಳ್ಳಿಯ ನೌಕೆ' ಎಂಬ ಅರ್ಥದ ಹೆಸರಿನ ಮಾಸಪತ್ರಿಕೆಯನ್ನು ಆರಂಭಿಸಿದಳು. ಅದರ ಮೊದಲ ಸಂಚಿಕೆಯಲ್ಲಿಯೇ, ತಾನೂ ಬೀಚಳೂ ಕೂಡಿ ಫ್ರೆಂಚಿಗೆ ತಂದ, ಇಂಗ್ಲಿಷ್ ಕವಿ ಎಲಿಯಟ್‌ನ ಪ್ರೂಫ್ರಾಕ್ ಕವಿತೆಯನ್ನು ಅಚ್ಚಿಸಿದಳು. ಹೆಮಿಂಗ್ವೇಯನ್ನು ಫ್ರೆಂಚ್ ಓದುಗರಿಗೆ ಪರಿಚಯಿಸಿದಳು. ಸಾಂತ್ ಎಕ್ಸುಪೆರಿ ಎಂಬ ಅಜ್ಞಾತನಾದ ವಿಮಾನಚಾಲಕನ ಮೊದಲ ಕಥೆಯನ್ನು ೧೯೨೬ರ ಏಪ್ರಿಲಿನಲ್ಲಿ ಪ್ರಕಟಿಸಿದಳು. ಹನ್ನೆರಡು ಸಂಚಿಕೆಗಳಾಗುವಷ್ಟರಲ್ಲಿ ಸಾಲ ತಲೆಮಟ್ಟ ಬಂದಿತು. ಆ ಸಾಲವನ್ನು ತೀರಿಸಲು ತನ್ನ ಸ್ವಂತ ಸಂಗ್ರಹದ, ಲೇಖಕರು ಕೈಬರೆಹದೊಡನೆ ಕಾಣಿಕೆಯಿತ್ತಿದ್ದ ಪುಸ್ತಕಗಳನ್ನು ಹರಾಜಿಗಿಟ್ಟಳು. ಎರವಲಿನ ಕಪಾಟುಗಳನ್ನು ಮಾತ್ರ ಮುಟ್ಟಲಿಲ್ಲ. ಚಂದಾದಾರರ ಪುಸ್ತಕಗಳನ್ನು ಉಳಿಸಿ ತನ್ನವನ್ನು ಮಾರಿದ ಈ ಒಂದು ಕಾರ್ಯದಲ್ಲಿ ಆಕೆಯ ಧರ್ಮವೆಲ್ಲ ವ್ಯಕ್ತವಾಗಿದೆ. ಇಷ್ಟಾದ ಮೇಲೂ ೧೯೨೯ರಲ್ಲಿ 'ಯೂಲಿಸಿಸ್'ನ ಫ್ರೆಂಚ್ ಅನುವಾದವನ್ನು ಪ್ರಕಟಿಸಿದವಳು ಆಕೆಯೇ.

೧೯೩೦ರ ನಂತರ ಆರ್ಥಿಕ ಮುಗ್ಗಟ್ಟು ಅಮೆರಿಕದವರನ್ನು ಸ್ವದೇಶಕ್ಕೆ ಹಿಂದಿರುಗಿಸಿತು. 'ಷೇಕ್ಸ್‌ಪಿಯರ್ ಅಂಡ್ ಕಂಪನಿ' ಮುಚ್ಚುವ ಸ್ಥಿತಿಗೆ ಬಂದಿತು. ಬೀಚ್ ಇದನ್ನು ಜೀದ್‌ನ ಮುಂದೆ ಹೇಳಿದಾಗ, ಆತನೂ ವಲೇರಿ ಮೊದಲಾದ ಇತರರೂ ಸೇರಿ ಅಂಗಡಿಯ ಮಿತ್ರಮಂಡಲಿಯೊಂದನ್ನು ಸ್ಥಾಪಿಸಿದರು. ವರ್ಷಕ್ಕೆ ೨೦೦ ಫ್ರಾಂಕು ಕೊಟ್ಟ ಸದಸ್ಯರಿಗೆ ಲೇಖಕರ ಓದುಗಳನ್ನು ಕೇಳುವ ಅಧಿಕಾರ. ೧೯೩೬ರ ಆರಂಭದಲ್ಲಿ ಜೀದ್ ಮೊದಲು ಓದಿದನು, ವಲೇರಿ ಓದಿದನು, ಎಲಿಯಟ್ ಇದಕ್ಕಾಗಿಯೇ ಲಂಡನ್ನಿನಿಂದ ಬಂದನು, ೧೯೩೭ರಲ್ಲಿ, ಸಭೆಯಲ್ಲಿ ಓದುವುದೆಂದರೆ ಹಿಂಜರಿಯುತ್ತಿದ್ದ ಹೆಮಿಂಗ್ವೇ, ಸ್ಟೀಫನ್ ಸ್ಪೆಂಡರನು ಜೊತೆಗೆ ಓದುವನೆಂಬ ಷರತ್ತಿನ ಮೇಲೆ, ಓದಿದನು. ಹದಿನೈದು ವರ್ಷ ಎರವಲು ಪಡೆದವರು ಆ ಋಣವನ್ನು ತೀರಿಸಿದ ಬಗೆ ಇದು. ಫ್ರಾನ್ಸಿನ ಹಿರಿಯ ಲೇಖಕರು ವಿದೇಶೀಯಳೊಬ್ಬಳ, ವಿದೇಶೀ ಭಾಷೆಯ ಅಂಗಡಿಯನ್ನು ತಮ್ಮದೆಂದು ಭಾವಿಸಿ ಕಾಪಾಡಿದರೆಂಬುದನ್ನು ವಿಶೇಷವಾಗಿ ನೆನೆಯಬೇಕು.

ಎರಡನೆಯ ಮಹಾಯುದ್ಧ ಈ ಬೀದಿಯ ಸ್ನೇಹವನ್ನು ಕಠಿನವಾದ ಪರೀಕ್ಷೆಗೆ ಒಡ್ಡಿತು. ನಾಟ್ಸಿಗಳಿಂದ ತಪ್ಪಿಸಿಕೊಂಡು ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವಿಮರ್ಶಕ ವಾಲ್ಟರ್ ಬೆನ್ಯಮಿನ್‌ನನ್ನು, ಜರ್ಮನಿಯವನೆಂಬ ಕಾರಣದಿಂದಲೇ, ಫ್ರೆಂಚ್ ಸರ್ಕಾರವು ೧೯೩೯ರಲ್ಲಿ ನೆವೇರ್ ಬಳಿಯ ಶಿಬಿರದಲ್ಲಿಟ್ಟಾಗ, ಅಧಿಕಾರಿಗಳಲ್ಲಿ ಓಡಾಡಿ ಅವನ ಬಿಡುಗಡೆಯನ್ನು ಸಾಧಿಸಿದವರಲ್ಲಿ ಮೊನ್ಯೆ ಪ್ರಮುಖಳು. ಅವನೂ ಆಕೆಯ ಅಂಗಡಿಯ ಓದುಗನೇ. ೧೯೪೦ರ ಜೂನಿನಲ್ಲಿ ಜರ್ಮನರು ಪ್ಯಾರಿಸ್ಸನ್ನು ಹೊಕ್ಕರು. ಬೀಚ್ ಊರು ಬಿಡಲಿಲ್ಲ. ೧೯೪೧ರ ಡಿಸೆಂಬರಿನಲ್ಲಿ ಜರ್ಮನ್ ಅಧಿಕಾರಿಯೊಬ್ಬನು ಕಿಟಕಿಯಲ್ಲಿದ್ದ, ಜಾಯ್ಸ್‌ನ ಕೊನೆಯ ಕೃತಿ 'ಫಿನೆಗನ್ಸ್ ವೇಕ್'ನ ಪ್ರತಿಯನ್ನು ಕೇಳಿದನು. ಅದು ತನ್ನ ಸ್ವಂತದ್ದು, ಮಾರಲಾಗದೆಂದು ಆಕೆ ಹೇಳಿದಳು. ಮತ್ತೊಮ್ಮೆ ಬಂದು, ಅಂಗಡಿಯ ಸರ್ವಸ್ವವನ್ನೂ ಜಪ್ತಿಮಾಡುವೆವೆಂದು ಅವನು ಬೆದರಿಸಿ ಹೋದನು. ಎರಡು ಗಂಟೆಗಳೊಳಗೆ ಗೆಳೆಯರು ಸೇರಿ, ಪುಸ್ತಕಗಳನ್ನೂ ಚಿತ್ರಗಳನ್ನೂ ಅದೇ ಕಟ್ಟಡದ ಮೇಲಣ ಖಾಲಿ ಮನೆಗೆ ಹೊತ್ತು ಸಾಗಿಸಿದರು. ಬಡಗಿ ಕಪಾಟುಗಳನ್ನು ಕಳಚಿದನು. ಬಾಗಿಲ ಮೇಲಿನ ಹೆಸರಿಗೆ ಬಣ್ಣ ಬಳಿಯಲಾಯಿತು. ೧೯೪೨ರಲ್ಲಿ ಬೀಚಳನ್ನು ಬಂಧಿಸಿ ವಿತ್ತೆಲ್ ಎಂಬಲ್ಲಿಯ ಶಿಬಿರದಲ್ಲಿ ಸುಮಾರು ಆರು ತಿಂಗಳು ಇಟ್ಟರು. ಮೇಲೆ ಬಚ್ಚಿಟ್ಟ ಪುಸ್ತಕಗಳು ಶತ್ರುಗಳ ಕೈಗೆ ಬೀಳಲಿಲ್ಲ.

ಪ್ಯಾರಿಸ್ ೧೯೪೪ರಲ್ಲಿ ಬಿಡುಗಡೆಯಾದರೂ ೧೨ನೆಯ ಸಂಖ್ಯೆಯ ಬಾಗಿಲು ಮತ್ತೆ ತೆರೆಯಲಿಲ್ಲ. ಮೊನ್ಯೆ ೧೯೫೧ರಲ್ಲಿ ಅನಾರೋಗ್ಯದಿಂದ ಅಂಗಡಿಯನ್ನು ಬಿಟ್ಟು, ೧೯೫೫ರಲ್ಲಿ ತೀರಿಕೊಂಡಳು. ಬೀಚ್ ತನ್ನ ಎರವಲು ಪುಸ್ತಕಾಲಯದ ಸುಮಾರು ಐದು ಸಾವಿರ ಪುಸ್ತಕಗಳನ್ನು ಪ್ಯಾರಿಸ್ಸಿನ ಅಮೆರಿಕನ್ ಗ್ರಂಥಾಲಯಕ್ಕೆ ಕೊಟ್ಟಳು, ತನ್ನ ನೆನಪುಗಳನ್ನು ೧೯೫೯ರಲ್ಲಿ ಪ್ರಕಟಿಸಿದಳು, ೧೯೬೨ರಲ್ಲಿ ಮರಣ ಹೊಂದಿದಳು. ನದಿಯ ದಡದಲ್ಲಿ, ನೋತ್ರ ದಾಮ್ ಇಗರ್ಜಿಯ ಎದುರಿಗೆ, ೧೯೫೧ರಿಂದ ಬೇರೊಂದು ಹೆಸರಿನಲ್ಲಿ ಪುಸ್ತಕದಂಗಡಿಯನ್ನು ನಡೆಸುತ್ತಿದ್ದ ಜಾರ್ಜ್ ವಿಟ್ಮನ್ ಎಂಬ ಅಮೆರಿಕನನು ೧೯೬೪ರಲ್ಲಿ ಅದಕ್ಕೆ 'ಷೇಕ್ಸ್‌ಪಿಯರ್ ಅಂಡ್ ಕಂಪನಿ' ಎಂಬ ಹೆಸರನ್ನಿಟ್ಟನು. ಇಂದಿನ ಯಾತ್ರಿಕರು ಕಾಣುವ ಅಂಗಡಿ ಅದು. ಕೈಯಲ್ಲಿ ಕಾಸಿಲ್ಲದ ತರುಣ ಬರೆಹಗಾರರಿಗೆ ಪುಸ್ತಕಗಳ ನಡುವೆ ಮಲಗಲು ಸ್ಥಳವನ್ನಿತ್ತು, ಅದಕ್ಕೆ ಪ್ರತಿಯಾಗಿ ಅಂಗಡಿಯಲ್ಲಿ ಒಂದಿಷ್ಟು ದುಡಿಯಬೇಕು, ದಿನಕ್ಕೊಂದು ಪುಸ್ತಕವನ್ನು ಓದಬೇಕು ಎಂದು ವಿಧಿಸಿದ ವಿಟ್ಮನ್ ಆ ಹೆಸರಿಗೆ ಅಪಾತ್ರನಾಗಿರಲಿಲ್ಲ.

ಬೀಚಳ ಕಾಗದಪತ್ರಗಳು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವನ್ನು ಸೇರಿದುವು. ಅವುಗಳಲ್ಲಿ ಚಂದಾದಾರರ ಎರವಲು ಕಾರ್ಡುಗಳೂ ಇವೆ. ಇತ್ತೀಚೆಗೆ ವಿದ್ವಾಂಸರು ಆ ಕಾಗದಪತ್ರಗಳನ್ನೆಲ್ಲ ಓದಿ, ಅಂಗಡಿಗೆ ಐದು ಸಾವಿರಕ್ಕೂ ಹೆಚ್ಚು ಮಂದಿ ಸದಸ್ಯರಿದ್ದರೆಂದು ಕಂಡುಕೊಂಡಿದ್ದಾರೆ. ಹೆಮಿಂಗ್ವೇ, ಗರ್ಟ್ರೂಡ್ ಸ್ಟೈನ್, ಬೋವ್ವಾರ್ ಇವರ ಕಾರ್ಡುಗಳನ್ನು ಎಲ್ಲರೂ ಮೊದಲು ನೋಡುತ್ತಾರೆ. ಆದರೆ ಆ ಐದು ಸಾವಿರದಲ್ಲಿ ಪ್ರಸಿದ್ಧರ ಸಂಖ್ಯೆ ತೀರ ಕಡಮೆ. ಅಂಗಡಿಯ ಮೊತ್ತಮೊದಲ ಚಂದಾದಾರಳೇ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ. ಉಳಿದವರಲ್ಲಿ ಹೆಚ್ಚಿನವರು ಒಂದು ಸಾಲನ್ನೂ ಬರೆದು ಪ್ರಕಟಿಸದೆ, ಓದಿ ಮಾತ್ರ ಬಾಳಿದವರು. ತಿಂಗಳು ತಿಂಗಳು ಅವರು ಕೊಟ್ಟ ಚಂದಾ ಹಣದಿಂದಲೇ ಅಂಗಡಿಯ ಬಾಡಿಗೆ ಸಂದಿತು. 'ಯೂಲಿಸಿಸ್' ಅಚ್ಚಾದ ಚಳಿಗಾಲದಲ್ಲಿಯೂ ಅವರು ಕಪಾಟಿನ ಮುಂದೆ ನಿಂತು ತಮಗೆ ಬೇಕಾದುದನ್ನು ತಾವೇ ಹುಡುಕಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರು ಯಾವ ಯಾವ ಪುಸ್ತಕಗಳನ್ನು ಯಾವ ದಿನ ಒಯ್ದರು, ಯಾವ ದಿನ ಹಿಂದಕ್ಕೆ ತಂದರು ಎಂಬುದು ಬೀಚಳ ಮತ್ತು ಅವಳ ಸಹಾಯಕಿಯರ ಕೈಬರೆಹದಲ್ಲಿ ಹಾಗೆಯೇ ಉಳಿದಿದೆ.